ಬಿಷಪ್ಪನ ಮಕ್ಕಳು

ನವೆಂಬರ್ 24, ಸೋಮವಾರ

ಸ್ವಸ್ತಿ ಶ್ರೀ! ಹಿಮಶಿಖರಗಳ ಬೆಳ್ಗೊಡೆಯ ಕೆಳಗೆ, ಸಮುದ್ರಕ್ಕಿಂತ ನಾಲ್ಕು ಸಾವಿರದ ಆರುನೂರು ಮೀಟರು ಎತ್ತರದ ಕಲ್ಲುದೊಡ್ಡಿಯಲ್ಲಿ, ಒಣಹಿಕ್ಕೆಯ ರತ್ನಗಂಬಳಿಯ ಮೇಲೆ ವಿರಾಜಮಾನರಾದ, ಪ್ರಾಂತ್ಯದ ಪ್ರದರ್ಶನದಲ್ಲಿ ಎರಡು ಬಾರಿ ಮೊದಲ ಬಹುಮಾನದ ಪಟ್ಟಿಯನ್ನು ಕೊರಳಲ್ಲಿ ಧರಿಸಿದ (ಒಂದನ್ನು ಅಲ್ಲೇ ಅಗಿದು ನುಂಗಿದ), ನಲವತ್ತು ಮಡದಿಯರ ಏಕೈಕ ಚಿಂತೆಯಾದ, ಉಗುಳುವುದರಲ್ಲಿ ಸವ್ಯಸಾಚಿಯಾದ, ಉಣ್ಣೆಯಲ್ಲಿ ಕುರಿಗೂ ಕುಲದಲ್ಲಿ ಒಂಟೆಗೂ ದಾಯಾದಿಯಾದ, ಶ್ವೇತಾಂಬರ ಅಲ್ಪಾಕ ಕುಲತಿಲಕ ಪರಮಪೂಜ್ಯ ಬಿಷಪ್ಪನವರ ಪಾದಾರವಿಂದಗಳಿಗೆ, ಎರಡೆರಡೇ ಬೆರಳಿನ ಆ ನಾಲ್ಕೂ ಪಾದಾರವಿಂದಗಳಿಗೆ, ತಮ್ಮ ಮೌಲ್ಯಮಾಪನಾಧಿಕಾರಿಯಾಗಿ ಈ ದಿನ ನೇಮಕಗೊಂಡ ಹಸಿಂತಾ ತುರ್ಪೊ ಎಂಬ ಇಪ್ಪತ್ತರ ಹರೆಯದ ದಾಸಿ ಅಡ್ಡಬಿದ್ದು ಮಾಡುವ ಬಿನ್ನಹವೇನೆಂದರೆ:

ನಾಳೆಯಿಂದ ನನ್ನ ಮುಖಕ್ಕೆ ಉಗಿಯಬೇಡಿ.

ನೇಮಕ ಮಾಡಿದವನು ಇಲಾರಿಯೊ ಮಾವ. ಬೆಳಿಗ್ಗೆ ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತು ಗಂಜಿ ಹೀರುತ್ತಾ ಅಂದ: "ನೋಡೇ, ಅಜ್ಜಿ ಹೋದ್ಮೇಲೆ ಈ ಮನೇಲಿ ಉಣ್ಣೆ ಮುಟ್ಟಿ ಹೇಳೋ ಕೈ ಅಂದ್ರೆ ನಿಂದೊಂದೇ. ಎಂಟು ವರ್ಷ ಅವಳ ಪಕ್ಕ ಕೂತಿದ್ದೀಯ. ಜನವರಿ ಆರಕ್ಕೆ ಊರು ಸೇರತ್ತೆ, ಹಿಂಡಿಗೆ ಯಾವ ಗಂಡು ಅಂತ ತೀರ್ಮಾನಿಸಕ್ಕೆ. ಬಿಷಪ್ಪ, ಸಾರ್ಜೆಂಟ, ಇಬ್ಬರನ್ನೂ ನೋಡಿ ಬರೆದು ಕೊಡು."

"ಅಜ್ಜಿ ಆಗ್ಲೇ ಹೇಳಿ ಹೋಗಿದ್ದಾಳಲ್ಲ ಮಾವ."

"ಹೇಳಿದ್ದಾಳೆ. ಆದ್ರೂ ಊರಿಗೆ ಕಾಗದ ಬೇಕಂತೆ. ಕಾಗದ ಬಂದಾಗಿಂದ ನಾಲಿಗೆಗೆ ಬೆಲೆ ಇಲ್ಲ."

ಅಜ್ಜಿ ಹೇಳಿ ಹೋದದ್ದು ಇಷ್ಟು: ಬಿಷಪ್ಪನ ಬೀಜ ತೆಗೆಸಿ, ಊರಿನ ನೂರ ಎಂಬತ್ತು ಹೆಣ್ಣುಗಳಿಗೆ ಸಾರ್ಜೆಂಟನನ್ನು ಬಿಡಿ. ಬಿಷಪ್ಪ ಅಜ್ಜಿಯದೇ ಕೈಕೂಸು. ಅವನ ಮುತ್ತಜ್ಜನ ಕಾಲದಿಂದ ನಲವತ್ತು ವರ್ಷ ಆರಿಸಿ ಆರಿಸಿ ಕಟ್ಟಿದ ಕುಲದ ಕೊನೆಯ ಗಂಡು. ಸಾರ್ಜೆಂಟ ಮಾವ ಕೊಂಡು ತಂದವನು. ದಪ್ಪ ಕತ್ತು, ಒರಟು ಉಣ್ಣೆ, ನಡಿಗೆಯಲ್ಲಿ ಯಾವಾಗಲೂ ಕವಾಯತು. ಅಜ್ಜಿ ತನ್ನ ಕೂಸನ್ನು ತಾನೇ ತಳ್ಳಿ, ಅವನನ್ನು ಎತ್ತಿಹಿಡಿದು, ಎಂಟು ದಿನ ಕೆಮ್ಮಿ ತೀರಿಕೊಂಡಳು. ಈಗ ಇಪ್ಪತ್ತು ದಿನ.

ಇಷ್ಟು ಸಾಕು. ಅಧಿಕಾರಿಗಳು ಮೊದಲ ದಿನವೇ ಹೆಚ್ಚು ಕೆಲಸ ಮಾಡಬಾರದು.

ನವೆಂಬರ್ 26

ತಪಾಸಣೆ ಆರಂಭವಾಯಿತು. ಶಿರಸ್ಸು: ಕಣ್ಣಿನವರೆಗೂ ಉಣ್ಣೆಯ ಕಿರೀಟ, ಬಿಷಪ್ಪ ಎಂಬ ಹೆಸರು ಬಂದದ್ದೇ ಅದರಿಂದ. ಕಿವಿ: ಈಟಿಯ ಮೊನೆ. ಕಣ್ಣು: ಕಪ್ಪು. ಬಿಳಿಯ ಮೈಗೆ ನೀಲಿ ಕಣ್ಣು ಬಂದರೆ ಕಿವುಡಿರಬಹುದೆಂದು ಯಾರೂ ಇಟ್ಟುಕೊಳ್ಳುವುದಿಲ್ಲ. ಇವರಿಗೆ ಕಿವಿ ಚೆನ್ನಾಗಿದೆ, ಕರೆದರೆ ಬೇಕೆಂದೇ ಬರುವುದಿಲ್ಲ. ಹಲ್ಲು: ಒಸಡಿಗೆ ಸರಿಯಾಗಿ ಕೂರುತ್ತದೆ. ವಯಸ್ಸು ಆರು. ಬೀಜಗಳು: ಎರಡೂ ಸಮ. ಗಾತ್ರ ಬರೆಯಲು ನನ್ನ ಕುಲೀನ ಲೇಖನಿ ನಾಚಿತು, ಆಮೇಲೆ ಬರೆಯಿತು.

ಉಣ್ಣೆ ನೋಡುವುದು ಮೂರು ಕಡೆ. ಭುಜ, ಪಕ್ಕೆಯ ನಡು, ತೊಡೆಯ ಮೇಲೆ. ಎರಡು ಹೆಬ್ಬೆರಳನ್ನೂ ಜೋಡಿಸಿ ತುಪ್ಪಳವನ್ನು ಪುಸ್ತಕದಂತೆ ತೆರೆಯಬೇಕು. ಬಿಷಪ್ಪನದು ತೆರೆದರೆ ಕಣ್ಣು ಕುಕ್ಕುತ್ತದೆ. ಚರ್ಮದ ಬೇರಿನಿಂದ ತುದಿಯವರೆಗೆ ಒಂದೇ ಅಳತೆಯ ಸಣ್ಣ ಸಣ್ಣ ಅಲೆ, ಗೊಂಚಲು ಗೊಂಚಲು. ಎದೆಯ ಮೇಲೂ ಗಡಸು ಕೂದಲಿಲ್ಲ.

ಒಂದೇ ಒಂದು ವಿಷಯ. ನಾನು ಹೋಗುವ ಹೊತ್ತಿಗೆ ಯಾರೋ ಆಗಲೇ ತೆರೆದು ನೋಡಿದ್ದರು. ಮೂರೂ ಕಡೆ, ಮೂರು ಬೆರಳಗಲ. ಮೈಮೇಲೆಲ್ಲ ಇಬ್ಬನಿ ಕೂತಿತ್ತು, ಆ ಮೂರು ಬೈತಲೆಗಳಲ್ಲಿ ಮಾತ್ರ ಇರಲಿಲ್ಲ. ಮೂರೂ ಸ್ವಲ್ಪ ಎಡಕ್ಕೆ ವಾಲಿದ್ದವು. ಅಜ್ಜಿಯ ಎಡಗೈ ಹೆಬ್ಬೆರಳು ಹಿಂದೊಮ್ಮೆ ಮುರಿದು ಸೊಟ್ಟಗೆ ಕೂಡಿಕೊಂಡಿತ್ತು. ಅವಳ ಬೈತಲೆ ಯಾವಾಗಲೂ ಎಡಕ್ಕೆ ವಾಲುತ್ತಿತ್ತು.

ಮಾವನ ಕೆಲಸ. ಅವನಿಗೆ ತಮಾಷೆ ಮಾಡಲು ಬರುವುದಿಲ್ಲ ಎಂದು ಇಷ್ಟು ವರ್ಷ ತಪ್ಪು ತಿಳಿದಿದ್ದೆ.

ಡಿಸೆಂಬರ್ 1

ಪಟ್ಟಣದಿಂದ ಮಿರ್ತಾ ಬಂದಿದ್ದಳು. ಓದಿದ ಹುಡುಗಿ, ಉಣ್ಣೆ ಅಳೆಯುವ ಪೆಟ್ಟಿಗೆಯೊಂದನ್ನು ಮಗುವಿನಂತೆ ಬೆನ್ನಿಗೆ ಕಟ್ಟಿಕೊಂಡು ತಿರುಗುತ್ತಾಳೆ. ಬಿಷಪ್ಪನ ಪಕ್ಕೆಯಿಂದ ಒಂದು ಚಿಟಿಕೆ ಉಣ್ಣೆ ಕತ್ತರಿಸಿ ತೊಳೆದು ಪೆಟ್ಟಿಗೆಗೆ ಉಣಿಸಿದಳು.

"ಹದಿನೇಳು ಪಾಯಿಂಟ್ ಒಂಬತ್ತು ಮೈಕ್ರಾನ್! ಆರು ವರ್ಷಕ್ಕೆ! ಈ ವಯಸ್ಸಿಗೆ ಎಲ್ಲಾ ಗಂಡುಗಳ ಎಳೆಯೂ ದಪ್ಪ ಆಗೋಗಿರತ್ತೆ. ಹೊಟ್ಟೆಗೆ ಹಾಕದೆ ಕಟ್ಟಿದ್ದೀರೇನು ಮತ್ತೆ? ಹಸಿದ ಪ್ರಾಣಿಯ ಉಣ್ಣೆ ಸುಳ್ಳುಸುಳ್ಳೇ ನವಿರಾಗತ್ತೆ."

"ಬೆನ್ನು ಮುಟ್ಟಿ ನೋಡಮ್ಮ," ಅಂದ ಮಾವ. "ನನಗಿಂತ ಅವನೇ ಚೆನ್ನಾಗಿ ಉಣ್ತಾನೆ."

ಅವಳು ಬೆನ್ನುಮೂಳೆ ಒತ್ತಿ ನೋಡಿದಳು. ತುಂಬಿದ ಬೆನ್ನು. ಸಾರ್ಜೆಂಟನದು ಇಪ್ಪತ್ನಾಲ್ಕು ಮೈಕ್ರಾನ್ ಬಂತು. ಮಿರ್ತಾಳಿಗೆ ತಲೆ ಕೆಟ್ಟಿತು. "ಮತ್ತೆ ಈ ಚಿನ್ನದಂಥವನ ಬೀಜ ಯಾಕೆ ತೆಗೆಸ್ತೀರಿ?"

"ಉಣ್ಣೆ ಅವನ ಮೈಮೇಲಿದ್ರೆ ಊರಿಗೇನು ಬಂತು? ಮಕ್ಕಳಿಗೆ ಇಳೀಬೇಕು. ಕಿವೀಲಿ ಕೆಂಪು ಕುಚ್ಚಿನವು ಇವನ ಮಕ್ಕಳು, ಹದಿನಾಲ್ಕು. ಹಸಿರು ಕುಚ್ಚಿನವು ಸಾರ್ಜೆಂಟನ್ವು, ಹದಿಮೂರು. ಹೋಗಿ ಮುಟ್ಟಿ ನೋಡು."

ಅವಳು ದೊಡ್ಡಿಗೆ ಹೋಗಿ ಅರ್ಧ ಗಂಟೆ ಮುಟ್ಟಿದಳು, ಪೆಟ್ಟಿಗೆಗೂ ಉಣಿಸಿದಳು. ಬಂದವಳ ಮುಖ ಇಳಿದಿತ್ತು. ಕೆಂಪಿನವುಗಳ ಎದೆಯಲ್ಲಿ ಗಡಸು ಕೂದಲು, ಅಲೆಯಿಲ್ಲ, ಒಂದೊಂದು ಕಡೆ ಒಂದೊಂದು ಅಳತೆ. ಹಸಿರಿನವು ಮೆತ್ತಗೆ. "ಹೀಗೂ ಆಗತ್ತೆ. ಕೆಲವು ಗಂಡು ತನ್ನದನ್ನ ತನ್ನಲ್ಲೇ ಇಟ್ಕೊಳತ್ತೆ," ಅಂದಳು. ಆಮೇಲೆ, "ಈಗ ಹೊಟ್ಟೇಲಿರೋ ಮರಿಗಳ ಉಣ್ಣೆ ಬರೋ ಅಕ್ಟೋಬರಿಗೆ ಸಿಗತ್ತಲ್ಲ, ಅಲ್ಲೀವರ್ಗೂ ಕಾಯಬಾರ್ದಾ?"

"ನೂರ ಎಂಬತ್ತು ಹೆಣ್ಣನ್ನ ಒಂದು ವರ್ಷ ಬರಿದೇ ಕೂರಿಸ್ಲಾ? ಊರೋರು ನನ್ನ ಬೀಜ ತೆಗೀತಾರೆ."

ಎಲ್ಲರೂ ನಕ್ಕರು. ನಾನೂ ಎಂದು ಬರೆಯುತ್ತಿದ್ದೆ. ನಗಲಿಲ್ಲ.

ಡಿಸೆಂಬರ್ 4

ಇವತ್ತೂ ಮೂರು ಬೈತಲೆ. ಮಾವ ನಿನ್ನೆಯಿಂದ ಊರಲ್ಲಿಲ್ಲ, ಉಪ್ಪು ತರಲು ಹೋಗಿದ್ದಾನೆ.

ಡಿಸೆಂಬರ್ 5

ಮಾವ ಬಂದವನೇ ಬಿಷಪ್ಪನ ಮೈ ನೋಡಿ ನನ್ನ ಕಡೆ ತಿರುಗಿದ. "ಸಾಕು ಮಾಡೇ. ಸತ್ತೋಳ ಕೈ ಆಟ ಆಡ್ಬಾರ್ದು."

"ನಾನಲ್ಲ ಮಾವ."

"ಮತ್ತ್ಯಾರು?"

ಇಬ್ಬರೂ ಒಬ್ಬರ ಹೆಬ್ಬೆರಳನ್ನು ಒಬ್ಬರು ನೋಡಿದೆವು. ಆಮೇಲೆ ಅವನು ನೀರು ತರಲು ಹೋದ. ಕೊಡ ತುಂಬಿಯೇ ಇತ್ತು.

ಸತ್ತವರು ಬದುಕಿದ್ದಾಗ ಉದುರಿಸಿದ ಕೂದಲನ್ನೆಲ್ಲ ಒಂದೊಂದಾಗಿ ಹುಡುಕಿಕೊಂಡು ಹೋಗಬೇಕಂತೆ, ಅದಕ್ಕೇ ಬಾಚಿದ ಕೂದಲನ್ನು ನಾವು ಸುಟ್ಟುಬಿಡುತ್ತೇವೆ. ಅಜ್ಜಿಯದನ್ನೂ ಸುಟ್ಟಿದ್ದೆ, ಎಲ್ಲವನ್ನೂ. ಇನ್ನೇನು ಹುಡುಕುತ್ತಾಳೆ?

ಡಿಸೆಂಬರ್ 9

ಬರೆದುಬಿಡುತ್ತೇನೆ. ಈ ಪುಸ್ತಕವನ್ನು ಓದುವವರು ಯಾರೂ ಇಲ್ಲ.

ನಮ್ಮ ಮನೆಯಲ್ಲಿ ಎರಡು ಗಂಡುಗಳನ್ನೂ ಒಂದೇ ಹಿಂಡಿಗೆ ಸರದಿಯ ಮೇಲೆ ಬಿಡುತ್ತೇವೆ. ಬಿಷಪ್ಪನ ಜತೆ ಕೂಡಿದ ಹೆಣ್ಣಿನ ಕೊರಳಿಗೆ ಕೆಂಪು ದಾರ, ಸಾರ್ಜೆಂಟನ ಜತೆ ಕೂಡಿದ್ದಕ್ಕೆ ಹಸಿರು. ಮರಿಗಳಾದ ಮೇಲೆ ಕಾರ್ನಿವಲ್ ಹಬ್ಬದ ದಿನ ಕೆಂಪು ದಾರದ ತಾಯಂದಿರ ಮರಿಗಳು ಎಡಗಡೆಯ ದೊಡ್ಡಿಗೆ, ಹಸಿರಿನವು ಬಲಗಡೆಯದಕ್ಕೆ. ತಾಯಂದಿರ ದಾರ ಕತ್ತರಿಸಿ ಒಲೆಗೆ ಹಾಕುತ್ತೇವೆ. ಮರಿಗಳ ಕಿವಿಗೆ ಅದೇ ಬಣ್ಣದ ಉಣ್ಣೆಯ ಕುಚ್ಚು. ಅಲ್ಲಿಂದ ಮುಂದೆ ಆ ಕುಚ್ಚೇ ಜನ್ಮಪತ್ರ. ಬೇರೆ ಸಾಕ್ಷಿಯಿಲ್ಲ.

ಕುಚ್ಚು ಕಟ್ಟುವುದು ಮನೆಯ ಹಿರಿಯಳ ಹಕ್ಕು. ಅಜ್ಜಿಯ ಕಣ್ಣಿಗೆ ಪೊರೆ ಬಂದು ಎರಡು ವರ್ಷವಾಗಿತ್ತು. ಆದರೂ ಈ ವರ್ಷವೂ ಅವಳೇ ಕಟ್ಟಿದಳು, ಸೂಜಿ ಚುಚ್ಚುವ ಜಾಗವನ್ನು ಕಿವಿಯ ಮೇಲೆ ಬೆರಳಿಂದ ನೋಡಿ. ಎರಡು ದೊಡ್ಡಿಯ ಬಾಗಿಲಲ್ಲೂ ಒಂದೊಂದು ಮರದ ಬಟ್ಟಲು, ಒಂದರಲ್ಲಿ ಕೆಂಪು, ಒಂದರಲ್ಲಿ ಹಸಿರು. ಬಟ್ಟಲು ನನ್ನ ಉಸ್ತುವಾರಿ. ಮಾವ ಜೋಳದ ಹೆಂಡ ಚಿಚಾ ಕುಡಿದು ತಮಟೆ ಬಡಿಯುತ್ತಾ, ತನ್ನ ಸಾರ್ಜೆಂಟನ ಮಕ್ಕಳು ಮುಂದಿನ ವರ್ಷ ಪ್ರದರ್ಶನಕ್ಕೆ ಹೋಗುತ್ತವೆ ಎಂದು ಇಡೀ ಊರಿಗೆ ಕೂಗಿ ಹೇಳುತ್ತಿದ್ದ. ಅವನಿಗೊಂದು ಪಾಠ ಕಲಿಸಬೇಕೆನ್ನಿಸಿತು. ಬಿಷಪ್ಪನ ಮಕ್ಕಳನ್ನು ತನ್ನವನ ಮಕ್ಕಳೆಂದು ಎಂಟು ತಿಂಗಳು ಹೊಗಳಲಿ. ಆಮೇಲೆ ಎಲ್ಲರೆದುರು ನಿಜ ಹೇಳಿ ಅವನ ಮುಖ ನೋಡಬೇಕು. ಬಟ್ಟಲುಗಳನ್ನು ಅದಲುಬದಲು ಮಾಡಿದೆ. ಎರಡು ಗಳಿಗೆಯ ಕೆಲಸ.

ಅಕ್ಟೋಬರಿನಲ್ಲಿ ಮರಿಗಳನ್ನು ತಾಯಂದಿರಿಂದ ಬಿಡಿಸಿದ ಮೇಲೆ ಅಜ್ಜಿ ಕಲ್ಲಿನ ಮೇಲೆ ಕೂತು ಒಂದೊಂದನ್ನೇ ತರಿಸಿಕೊಂಡಳು. ತೆರೆದು, ಬೆರಳಾಡಿಸಿ, "ಕುಚ್ಚು?" ಅಂದಳು.

"ಕೆಂಪು."

ಮುಂದಿನದು. "ಕುಚ್ಚು?"

"ಕೆಂಪು ಅಜ್ಜಿ."

ಐದನೆಯದಕ್ಕೆ ಅವಳು ಕೇಳುವುದನ್ನು ನಿಲ್ಲಿಸಿದಳು. ಒಂದು ಮೆತ್ತನೆಯ ತುಪ್ಪಳ ಕೈಗೆ ಬಂದಾಗ, ನಾನು ಬಾಯಿ ತೆರೆಯುವ ಮುಂಚೆ ಅವಳೇ ಅಂದಳು: "ಹಸಿರು." ಹಸಿರೇ ಆಗಿತ್ತು. ಇಪ್ಪತ್ತೇಳೂ ಮುಗಿದ ಮೇಲೆ ಕೈಗಳನ್ನು ಲಂಗಕ್ಕೆ ಒರೆಸಿಕೊಂಡಳು, ಎಷ್ಟೋ ಹೊತ್ತು. "ನಲವತ್ತು ವರ್ಷ ಮಂಜನ್ನ ಗಂಟು ಕಟ್ಟಿದ್ದೀನಿ ಕಣೇ ಮಗಳೇ," ಅಂದಳು.

ನಾನು ಬಾಯಿ ತೆರೆದೆ. ಮುಚ್ಚಿದೆ. ಹದಿನೈದು ದಿನಕ್ಕೆ ಅವಳಿಗೆ ಕೆಮ್ಮು ಹಿಡಿಯಿತು.

ಡಿಸೆಂಬರ್ 12

ಮಾವನಿಗೆ ಹೇಳಿದೆ. ಅವನು ಬೇಲಿಯ ಕಲ್ಲು ಕೂರಿಸುತ್ತಿದ್ದ. ಎಲ್ಲವನ್ನೂ ಕೇಳಿ, ಕಲ್ಲು ಕೆಳಗಿಟ್ಟು, ಹೊಟ್ಟೆ ಹಿಡಿದುಕೊಂಡು ನಗತೊಡಗಿದ.

"ಅಬ್ಬಬ್ಬಾ! ನೀನು ಇಲ್ಲೀವರ್ಗೆ ಮಾಡಿರೋ ತಮಾಷೆಗಳಲ್ಲೆಲ್ಲ ಇದೇ ದೊಡ್ದು ಕಣೇ. ಅಲ್ಪಾಕಗಳನ್ನ ಬಹುವಚನದಲ್ಲೇ ಮಾತಾಡಿಸ್ಬೇಕು ಅಂತ ಸರ್ಕಾರದ ಪತ್ರ ತಂದಿದ್ದೆಯಲ್ಲ, ಅದನ್ನೂ ಮೀರಿಸ್ತು."

"ಮಾವ, ಆಣೆಗೂ ನಿಜ."

"ಆ ಪತ್ರಕ್ಕೂ ಆಣೆ ಹಾಕಿದ್ದೆ. ದೊನ್ ಕಸಿಮಿರೊ ಪಾಪ, ಊರಿನ ಯಜಮಾನ, ಎರಡು ವಾರ ತನ್ನ ಗಂಡಿಗೆ 'ತಾವು ಈ ಕಡೆ ದಯಮಾಡಿಸಿ' ಅಂತಿದ್ದ."

"ಇದು ತಮಾಷೆ ಅಲ್ಲ ಮಾವ. ಅಜ್ಜಿ ಸುಮ್ನೆ ಕೊರಗಿ ಸತ್ಲು."

ಅವನ ನಗು ನಿಂತಿತು. ಕಣ್ಣು ಸಣ್ಣದಾಯಿತು. "ನೋಡು ಹಸಿಂತಾ. ಬಿಷಪ್ಪನ್ನ ಉಳಿಸ್ಕೋಬೇಕು ಅಂತ ನಿನಗಿದೆ, ನನಗೂ ಅರ್ಥ ಆಗತ್ತೆ. ಅಜ್ಜಿ ನೆನಪು. ಆದ್ರೆ ಅವಳ ಬೆರಳಿಗಿಂತ ನಿನ್ನ ನಾಲಿಗೆ ದೊಡ್ಡದು ಅಂತ ಊರ ಮುಂದೆ ಹೇಳಕ್ಕೆ ಹೋಗ್ಬೇಡ. ನಿನ್ನ ಬಾಯಿಂದ ಬಂದಿದ್ದನ್ನ ಯಾರು ನಂಬ್ತಾರೆ?"

ಮತ್ತೆ ಕಲ್ಲು ಎತ್ತಿಕೊಂಡ.

ಡಿಸೆಂಬರ್ 13

ಆಲಿಕಲ್ಲು. ಮೂರು ಬೈತಲೆ.

ಡಿಸೆಂಬರ್ 19

ಏಳು ದಿನದಿಂದ ಮರಿಗಳ ದೊಡ್ಡಿಯಲ್ಲೇ ಇದ್ದೇನೆ. ಬಾಯಿ ಹೇಳಿದ್ದನ್ನು ನಂಬದಿದ್ದರೆ ಕೈ ಹೇಳಲಿ. ಒಂದೊಂದು ಮರಿಗೂ ಒಂದೊಂದು ಹಾಳೆ. ಭುಜ, ಪಕ್ಕೆ, ತೊಡೆ. ಎದೆಯಲ್ಲಿ ಗಡಸು ಕೂದಲೆಷ್ಟು, ಒಂದು ಬೆರಳಗಲದಲ್ಲಿ ಅಲೆಗಳೆಷ್ಟು, ಹಿಡಿದು ಎಳೆದರೆ ತುಂಡಾಗುತ್ತದೋ ಇಲ್ಲವೋ. ಮೊದಲು ಕಣ್ಣು ಮುಚ್ಚಿ ಮುಟ್ಟುವುದು, ಬರೆದ ಮೇಲೇ ಕುಚ್ಚು ನೋಡುವುದು.

ಅಜ್ಜಿ ಹೇಳುತ್ತಿದ್ದಳು, ಬೆರಳ ತುದಿಗೆ ಉಗುಳು ಹಚ್ಚಿಕೊಳ್ಳಬೇಡ, ಒಲೆಯ ಹತ್ತಿರ ಕೂತೆದ್ದು ಬರಬೇಡ, ಸಿಟ್ಟಿದ್ದಾಗ ಮುಟ್ಟಬೇಡ. ಎಂಟು ವರ್ಷ ಈ ಮಾತಿಗೆಲ್ಲ ಆಕಳಿಸಿದ್ದೆ. ಮೂರನೆಯ ದಿನದ ಹೊತ್ತಿಗೆ ಉಣ್ಣೆಯೊಳಗೆ ಬೆರಳು ತಾನಾಗಿ ನಡೆಯತೊಡಗಿತು. ಎಲ್ಲಿ ನಿಲ್ಲಬೇಕೋ ಅಲ್ಲಿ ನಿಲ್ಲುತ್ತದೆ. ಒಂದೊಂದು ಸಲ ನನ್ನ ಬೆರಳಿನ ಕೆಳಗೆ ಇನ್ನೊಂದು ಬೆರಳು ಮುಂದೆ ಮುಂದೆ ಹೋಗುತ್ತಿರುವಂತೆ, ನಾನು ಅದರ ಮೇಲೆ ಕೈಯಿಟ್ಟುಕೊಂಡು ಹೋಗುತ್ತಿರುವಂತೆ. ಆಗ ಕೈ ತೆಗೆದು ಕಂಕುಳಲ್ಲಿ ಬಿಸಿ ಮಾಡಿಕೊಳ್ಳುತ್ತೇನೆ.

ಹಸಿರು ಕುಚ್ಚಿನ ಹದಿಮೂರರಲ್ಲಿ ಒಂಬತ್ತಕ್ಕೆ ಬಿಷಪ್ಪನ ಅಲೆ ಇದೆ ಎಂದು ಬರೆದಿದ್ದೇನೆ. ಬೆರಳು ಹೇಳಿತೋ, ಹೇಳಲಿ ಎಂದು ನಾನು ಕಾದಿದ್ದೆನೋ, ಗೊತ್ತಾಗುವುದಿಲ್ಲ. ತಾಯಂದಿರಲ್ಲೂ ಒಳ್ಳೆಯ ಉಣ್ಣೆಯವು ಇದ್ದವು. ಅಲೆ ಅಲ್ಲಿಂದಲೂ ಬರಬಹುದು.

ಹುಡುಗಿಯರು ಬಂದು ನದಿಯ ಹತ್ತಿರ ಕುಣಿತವಿದೆ, ಬಾ, ಯಜಮಾನರ ಟೊಪ್ಪಿಗೆಯೊಳಗೆ ಮೆಣಸಿನಪುಡಿ ಹಾಕೋಣ ಎಂದು ಕರೆದರು. ಕೈ ವಾಸನೆಯಾದರೆ ನಾಳೆ ಕೆಲಸವಾಗುವುದಿಲ್ಲ ಎಂದು ಕಳಿಸಿದೆ.

ಡಿಸೆಂಬರ್ 25

ನಿನ್ನೆ ರಾತ್ರಿ ಕ್ರಿಸ್ಮಸ್ಸಿನ ಬಿಸಿ ಚಾಕೊಲೇಟು. ಮಾವ ಅಜ್ಜಿಯ ಲೋಟಕ್ಕೂ ಹಾಕಿಟ್ಟ. ಬೆಳಗಾದರೂ ಹಾಗೇ ಇತ್ತು, ಕೆನೆಗಟ್ಟಿ. ನನಗೆ ಯಾಕೋ ಸಮಾಧಾನವಾಯಿತು, ಯಾಕೋ ಬೇಸರವೂ ಆಯಿತು.

ಡಿಸೆಂಬರ್ 29

ವಿಚಿತ್ರವಾದ ದಿನ. ಬೆಳಿಗ್ಗೆ ಮರಿಯೊಂದರ ಕಾಲಿನ ಗಾಯಕ್ಕೆ ಕೊಬ್ಬು ಹಚ್ಚುತ್ತಿದ್ದೆ. ದೊನ್ ಕಸಿಮಿರೊ ಮತ್ತು ಮಾವ ಒಟ್ಟಿಗೆ ಬಂದು ಗೋಡೆಯಾಚೆ ನಿಂತರು. ಯಜಮಾನರು ಟೊಪ್ಪಿಗೆ ಕೈಯಲ್ಲಿ ಹಿಡಿದುಕೊಂಡಿದ್ದರು.

"ಏನಮ್ಮಾ, ಹುಷಾರಾಗಿದ್ದೀಯಾ?"

"ಇದ್ದೀನಲ್ಲ ಯಜಮಾನ್ರೇ. ಯಾಕೆ?"

"ಜ್ವರ ಗಿರ?"

"ಇಲ್ಲ."

ಇಬ್ಬರೂ ಮುಖ ಮುಖ ನೋಡಿಕೊಂಡರು. ಮಾವ ಕೇಳಿದ: "ನಿನ್ನೆ ಏನು ದಿನ ಗೊತ್ತೇನೇ?"

"ಭಾನುವಾರ."

"ತಾರೀಕು?"

ಲೆಕ್ಕ ಹಾಕಿದೆ. ಇಪ್ಪತ್ತೆಂಟು. ಮೂರ್ಖರನ್ನಾಗಿಸುವ ಹಬ್ಬ! ಯಾರನ್ನು ಬೇಕಾದರೂ ಏಮಾರಿಸಬಹುದಾದ, ಯಾರೂ ಸಿಟ್ಟಾಗಬಾರದ ಒಂದೇ ಒಂದು ದಿನ. ಹತ್ತು ವರ್ಷದಿಂದ ಅದು ನನ್ನ ಪಟ್ಟಾಭಿಷೇಕದ ದಿನ. ಮರೆತೇ ಹೋಗಿತ್ತು.

"ಊರೆಲ್ಲ ನಿನ್ನೆ ಸಕ್ಕರೆ ನೆಕ್ಕಿ ನೋಡಿ ಹಾಕ್ಕೊಂಡ್ರು," ಅಂದರು ಯಜಮಾನರು. "ನಾನು ಬೂಟನ್ನ ಮೂರು ಸಲ ಕೊಡವಿದೆ. ಸಾಯಂಕಾಲದವರ್ಗೂ ಕಾದ್ವಿ. ಏನೂ ಆಗ್ಲಿಲ್ಲ. ಆಮೇಲೆ ಹೆದರ್ಕೆ ಆಯ್ತು ತಾಯಿ."

ಮಾವ ಗೋಡೆ ದಾಟಿ ಒಳಗೆ ಬಂದ. ನನ್ನ ಪಕ್ಕ ಕೂತ. ಹಾಳೆಗಳನ್ನು ಒಂದೊಂದಾಗಿ ತಿರುವಿದ. ಅವನಿಗೆ ಓದು ಅಷ್ಟಕ್ಕಷ್ಟೇ, ಆದರೂ ತಿರುವಿದ. ಇಪ್ಪತ್ತೇಳೂ.

"ಹೇಳು," ಅಂದ. "ಆ ಬಟ್ಟಲಿನ ವಿಷಯ ಇನ್ನೊಂದ್ಸಲ ಹೇಳು."

ಹೇಳಿದೆ. ಎರಡು ದೊಡ್ಡಿ, ಎರಡು ಬಟ್ಟಲು, ಅವನ ತಮಟೆ, ನನ್ನ ಕೈ.

"ಆಮೇಲೆ?"

"ಆಮೇಲೆ ಏನು ಮಾವ. ಅಷ್ಟೇ."

ಅವನು ಹಾಳೆಗಳನ್ನು ಜೋಡಿಸಿ ನನ್ನ ಮಡಿಲಿಗಿಟ್ಟ. ಗೋಡೆಯಾಚೆ ಯಜಮಾನರು ಮೂಗು ಒರೆಸಿಕೊಂಡರು. "ಹಂಗಾದ್ರೆ ಮುದುಕಿ ಸುಮ್ಸುಮ್ನೆ ಎದೆ ಒಡ್ಕೊಂಡ್ಲಲ್ಲಯ್ಯ ಇಲಾರಿಯೊ," ಅಂದರು.

ಒಂದು ದಿನ ತಮಾಷೆ ಮಾಡಲು ಮರೆತದ್ದಕ್ಕೆ ನನ್ನನ್ನು ನಂಬಿದರು. ನಗು ಬರಬೇಕಿತ್ತು.

ಜನವರಿ 6, ಮಂಗಳವಾರ

ಊರು ಸೇರಿತು. ಮಳೆ ಬಿಟ್ಟಿತ್ತು. ಬಿಷಪ್ಪ, ಸಾರ್ಜೆಂಟ ಇಬ್ಬರನ್ನೂ ನಡುವೆ ಕಟ್ಟಿದ್ದರು. ಒಬ್ಬರ ಕಡೆ ಒಬ್ಬರು ಕಿವಿ ಹಿಂದಕ್ಕೆ ಹಾಕಿ ನೋಡುತ್ತಿದ್ದರು. ನಾನು ಇಪ್ಪತ್ತೇಳು ಹಾಳೆಯನ್ನೂ ಓದಿದೆ. ಯಾರೂ ಕೆಮ್ಮಲಿಲ್ಲ, ಕಿಸಕ್ಕೆನ್ನಲಿಲ್ಲ. ನಾನು ಓದುವಾಗ ಜನ ಹಾಗೆ ಕೂತದ್ದು ಇದೇ ಮೊದಲು.

ದೊನ್ ಕಸಿಮಿರೊ ಶಾಸ್ತ್ರದಂತೆ ಕೋಕಾ ಎಲೆಗಳನ್ನು ಬಟ್ಟೆಯ ಮೇಲೆ ಹರಡಿ, ನೆಲಕ್ಕೆ ಒಂದಿಷ್ಟು ಚಿಚಾ ಚೆಲ್ಲಿ ನನ್ನ ಕಡೆ ತಿರುಗಿದರು. "ಸತ್ತೋಳ ಮಾತು ಮುರೀತಾ ಇದ್ದೀವಿ. ಅವಳು ಇಲ್ಲೇ ಎಲ್ಲೋ ಕೇಳಿಸ್ಕೊಳ್ತಿರ್ತಾಳೆ. ಬಿಷಪ್ಪನ ಬೆನ್ನ ಮೇಲೆ ಕೈಯಿಟ್ಟು ಹೇಳು. ಬಟ್ಟಲು ಬದಲಿಸಿದ್ದು ನಿಜವಾ?"

ಕೈಯಿಟ್ಟೆ. ಉಣ್ಣೆಯೊಳಗೆ ಬೆಚ್ಚಗಿತ್ತು.

"ನಿಜ," ಅಂದೆ. "ಆ ಮಾತು ನಿಜ."

ಎಲ್ಲರೂ ಕೈ ಎತ್ತಿದರು. ಬಿಷಪ್ಪ ಊರಿನ ಗಂಡಾದ.

ಸಾರ್ಜೆಂಟನನ್ನು ಕೆಡವಿ ಕಾಲು ಕಟ್ಟಿದಾಗ, ಬೇರೆ ಯಾರೂ ಬೇಡ ಎಂದು ಮಾವ ತಾನೇ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕಣ್ಣಿಗೆ ಟೊಪ್ಪಿಗೆ ಮುಚ್ಚಿದ. "ಹೆದರ್ಬೇಡ ಕಣೋ ಸಾರ್ಜೆಂಟ. ಯುದ್ಧ ಮುಗೀತು. ಇನ್ಮೇಲೆ ನಿಂಗೆ ಪೆನ್ಷನ್ನು," ಅನ್ನುತ್ತಾ ಅವನ ಕಿವಿ ಸವರುತ್ತಿದ್ದ. ಸಾರ್ಜೆಂಟ ಅರಚಲಿಲ್ಲ. ಹೂಂ, ಹೂಂ, ಎಂದು ಮೂಗಿನಲ್ಲೇ ಅನ್ನುತ್ತಿದ್ದ, ಯಾರೋ ಏನೋ ಕೇಳಿದ್ದಕ್ಕೆ ಒಪ್ಪಿಕೊಳ್ಳುತ್ತಿರುವವನಂತೆ. ಕತ್ತಿ ಹಿಡಿದವನ ಕೈ ಒಳ್ಳೆಯದು, ಬೇಗ ಮುಗಿಯಿತು. ಮಾವ ಎದ್ದಾಗ ಅವನ ಷರಾಯಿ ಒದ್ದೆಯಾಗಿತ್ತು, ಕಣ್ಣೂ.

"ನನ್ನ ಮೇಲೆ ಸಿಟ್ಟಾ ಮಾವ?"

"ನೀನು ನಿಜ ಹೇಳಿದ್ದಕ್ಕಾ? ಹುಚ್ಚಿ."

ಜನವರಿ 8

ಬಿಷಪ್ಪನನ್ನು ಹಿಂಡಿಗೆ ಬಿಟ್ಟೆವು. ಗಂಟಲಲ್ಲಿ ನೀರು ಮುಕ್ಕಳಿಸಿದಂತೆ ಸದ್ದು ಮಾಡುತ್ತಾ ಅವನು ದಿನವಿಡೀ ಓಡಾಡಿದ. ಎಂಟು ಹೆಣ್ಣುಗಳ ಕೊರಳಿಗೆ ಕೆಂಪು ದಾರ ಕಟ್ಟಿದೆ. ಹಸಿರು ದಾರದ ಉಂಡೆ ಇನ್ನು ಬೇಕಾಗಿಲ್ಲ ಎಂದು ಮಾವ ಅದರಲ್ಲಿ ತನ್ನ ಕಾಲುಚೀಲ ಹೊಲಿದುಕೊಂಡ.

ನಿನ್ನೆಯಿಂದ ಬಿಷಪ್ಪನ ಮೈಮೇಲೆ ಬೈತಲೆಗಳಿಲ್ಲ. ತುಪ್ಪಳ ಮುಚ್ಚಿಕೊಂಡಿದೆ, ಮೇಲೆಲ್ಲ ಒಂದೇ ಸಮ ಇಬ್ಬನಿ. ಮಾವ ಅದನ್ನು ತೋರಿಸಿ ಶಿಲುಬೆ ಬರೆದುಕೊಂಡ. "ಹೋದ್ಲು ಕಣೇ. ನೆಮ್ಮದಿಯಾಗಿ ಹೋದ್ಲು. ತನ್ನ ಕೂಸು ಟೊಳ್ಳಲ್ಲ ಅಂತ ಗೊತ್ತಾಯ್ತಲ್ಲ." ಒಲೆಗೆ ಒಣ ಮಾಂಸ ಹಾಕಿ ಸಾರು ಮಾಡಿದ. ಅಜ್ಜಿ ಸತ್ತ ಮೇಲೆ ಅವನು ಸಿಳ್ಳೆ ಹಾಕಿದ್ದು ಇವತ್ತೇ ಮೊದಲು.

ಸಾರು ಕುಡಿದು ಮರಿಗಳಿಗೆ ಉಪ್ಪು ಕೊಡಲು ಹೋದೆ. ಹಸಿರು ಕುಚ್ಚಿನವು ಓಡಿಬಂದವು. ಕೆಂಪಿನವು ಗೋಡೆಯ ಮಗ್ಗುಲಲ್ಲಿ ಒತ್ತಿಕೊಂಡು ಮಲಗಿದ್ದವು, ಹದಿನಾಲ್ಕೂ. ಹದಿನಾಲ್ಕರ ಮೇಲೂ ಭುಜ, ಪಕ್ಕೆ, ತೊಡೆ. ಮೂರು ಮೂರು ಬೈತಲೆ. ಎಲ್ಲವೂ ಎಡಕ್ಕೆ ವಾಲಿವೆ.

ಕೈಯಿಂದ ಸವರಿ ಮುಚ್ಚಿದೆ. ನಲವತ್ತೆರಡು. ಎಣಿಸಿ ಮುಚ್ಚಿದೆ.

ಜನವರಿ 9

ಬೆಳಿಗ್ಗೆ ಮತ್ತೆ ತೆರೆದಿವೆ.

ಅಜ್ಜಿ ಇನ್ನೊಮ್ಮೆ ಮುಟ್ಟಿ ನೋಡುತ್ತಿದ್ದಾಳೆ. ಊರೆಲ್ಲ ಹೇಳಿದ್ದು ಸರಿಯೋ, ತನ್ನ ಬೆರಳು ಸರಿಯೋ ಎಂದು. ಕೇಳಬೇಕಾದವಳನ್ನು ಬಿಟ್ಟು ಮರಿಗಳನ್ನು ಕೇಳುತ್ತಿದ್ದಾಳೆ. ಅವಳು ನನ್ನನ್ನು ಬೈಯಲೂ ಇಲ್ಲ, ಕನಸಿನಲ್ಲಿ ಬರಲೂ ಇಲ್ಲ.

ಅಕ್ಟೋಬರ್ ಬರುತ್ತದೆ. ಈಗ ಹೊಟ್ಟೆಯಲ್ಲಿರುವವು ಹುಟ್ಟಿ, ಬೆಳೆದು, ಮಿರ್ತಾ ಪೆಟ್ಟಿಗೆ ಹೊತ್ತುಕೊಂಡು ಬರುತ್ತಾಳೆ. ಅಷ್ಟರಲ್ಲಿ ನೂರ ಎಂಬತ್ತು ಹೊಟ್ಟೆಗಳಲ್ಲಿ ಬಿಷಪ್ಪನ ಮಕ್ಕಳಿರುತ್ತವೆ. ಸಾರ್ಜೆಂಟನದನ್ನು ತಿರುಗಿ ಹೊಲಿಯಲಾಗುವುದಿಲ್ಲ.

ಈವರೆಗೆ ಬರೆದದ್ದರಲ್ಲಿ ಸುಳ್ಳಿಲ್ಲ. ಸಣ್ಣದೊಂದು ಬರೆಯುವುದು ಬಿಟ್ಟುಹೋಗಿದೆ, ಅಷ್ಟೇ.

ಹಬ್ಬದ ದಿನ ನಾನು ಬಟ್ಟಲುಗಳನ್ನು ಬದಲಿಸಿದ ಮೇಲೆ ಅಜ್ಜಿ ಎಡಗಡೆಯ ದೊಡ್ಡಿಯ ಬಾಗಿಲಿಗೆ ಬಂದಳು. ಕೂರುವ ಮೊದಲು ಬಟ್ಟಲನ್ನು ತಡವಿ, ಅದರೊಳಗೆ ಆ ಸೊಟ್ಟ ಹೆಬ್ಬೆರಳನ್ನು ಆಡಿಸುತ್ತಾ, "ಇದು ಕೆಂಪೇ ತಾನೇ ಮಗಳೇ?" ಎಂದು ಕೇಳಿದಳು. ಕೇಳಿದ್ದು ಹಾಗೆ, ಯಾವ ಅನುಮಾನವೂ ಇಲ್ಲದೆ, ಮುಖವನ್ನು ನನ್ನ ಕಡೆಗೆತ್ತಿ. "ಹೂಂ ಅಜ್ಜಿ," ಅಂದೆ. ಅವಳು ಸೂಜಿಗೆ ಕೈಹಾಕುವಷ್ಟರಲ್ಲಿ ಬಟ್ಟಲುಗಳನ್ನು ಎತ್ತಿ ಮೊದಲಿದ್ದ ಜಾಗಗಳಿಗೇ, ಕೆಂಪನ್ನು ಎಡಕ್ಕೆ ಹಸಿರನ್ನು ಬಲಕ್ಕೆ, ಇಟ್ಟುಬಿಟ್ಟೆ.

ಆಮೇಲೆ ಮತ್ತೆ ಬದಲಿಸಿದ ನೆನಪು ನನಗಿಲ್ಲ.